ಏಳನೇ ಮನೆ ಬರೆಯುವಷ್ಟರಲ್ಲಿ ಬಸ್ಸಿನ ಹೊತ್ತು

ಪಂಚಾಯತಿಗೆ ಆರಿಸಿ ಬಂದ ಹೆಣ್ಣುಮಕ್ಕಳಿಗೆ ತರಬೇತಿ ಕೊಡುವ ಕೆಲಸಕ್ಕೆ ನೀವು ಹೊಸದಾಗಿ ಸೇರಿದ್ದೀರಂತೆ. ಆಫೀಸಿನವರು ಕೈಪಿಡಿ ಕೊಟ್ಟಿರುತ್ತಾರೆ. ಅದರಲ್ಲಿ ಇರದ ಎರಡು ಮಾತು ಮೊದಲು ಹೇಳಿಬಿಡುತ್ತೇನೆ. ತರಬೇತಿಯ ಜಾಗಕ್ಕೆ ಹೋದ ಕೂಡಲೇ ಅಲ್ಲಿನ ಪಾಯಖಾನೆಯ ಕೀಲಿ ಯಾರ ಹತ್ತಿರ ಇದೆ ಅಂತ ಕೇಳಿಕೊಳ್ಳಿ. ಆಮೇಲೆ, ಊರಿಗೆ ವಾಪಸ್ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿಕೊಳ್ಳಿ. ಈ ಎರಡು ಗೊತ್ತಿದ್ದರೆ ಉಳಿದದ್ದನ್ನೆಲ್ಲ ಶಿವ ನಡೆಸುತ್ತಾನೆ. ನನ್ನನ್ನು ನಡೆಸಿದ್ದಾನೆ.

ನನ್ನದು ಆಳಂದ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ತಿರುಗಿದೆ. ಆದರೆ ಯಾರಾದರೂ ನಿಮ್ಮ ಕೆಲಸ ಏನು ಅಂತ ಕೇಳಿದರೆ ಈಗಲೂ ಬಾಯಿಗೆ ಬರುವುದು 'ಮನೀಕೆಲಸ' ಅಂತಲೇ. ಮುಂಜಾನೆ ಎದ್ದು ಲಿಂಗಪೂಜೆ, ರೊಟ್ಟಿ, ಪಲ್ಯ, ಆಮೇಲೆ ಬಸ್ಸು. ಸಂಜೆ ಬಂದು ದೀಪ ಹಚ್ಚಿ, ಆ ದಿನ ಶಿವ ಕೊಟ್ಟ ಸಣ್ಣಪುಟ್ಟ ಕೃಪೆಗಳನ್ನು ಬೆರಳು ಮಡಚಿ ಎಣಿಸುವುದು. ಕಿಟಕಿ ಪಕ್ಕದ ಸೀಟು ಸಿಕ್ಕಿತು, ಒಂದು. ಚಹಾ ಬಿಸಿಯಿತ್ತು, ಎರಡು. ಹಿಂಗೆ. ಕೈಬೆರಳು ತುಂಬಿದ ದಿನ ಅಪರೂಪ. ಒಂದು ಬೆರಳೂ ಮಡಚದ ದಿನ ಇನ್ನೂ ಅಪರೂಪ.

ಈ ಕೆಲಸಕ್ಕೆ ನಾನು ಬಂದದ್ದು ಮಾವನವರ ದೆಸೆಯಿಂದ. ಶ್ರಾವಣದಲ್ಲಿ ಅವರು ಮಠದಲ್ಲಿ ಪುರಾಣ ಹೇಳುತ್ತಿದ್ದರು. ಪುರಾಣ ಮುಗಿದ ಮೇಲೆ ನಾಲ್ಕಾರು ಹಿರಿಯರು ಮನೆಗೆ ಬರೋರು. ಅವರಿಗೆ ಪುರಾಣಕ್ಕಿಂತ ಹಳೆಯ ಕಾಲದ ರಾಜನೀತಿಯ ಹುಚ್ಚು ಜಾಸ್ತಿ. ದೊರೆ ಹೆಂಗಿರಬೇಕು, ಮಂತ್ರಿಯನ್ನು ಹೆಂಗೆ ಪರೀಕ್ಷೆ ಮಾಡಬೇಕು, ಕಣಜದಲ್ಲಿ ಅರ್ಧ ಧಾನ್ಯವನ್ನು ಕೇಡುಗಾಲಕ್ಕೆ ಅಂತ ಯಾಕೆ ಮುಟ್ಟದೆ ಇಡಬೇಕು. ಇದೆಲ್ಲ ನಾನು ರೊಟ್ಟಿ ಬಡಿಯುತ್ತ ಒಳಗಿನಿಂದ ಕೇಳಿಸಿಕೊಂಡದ್ದು. ಓದಿ ಕಲಿತದ್ದಲ್ಲ. ರಾಜ್ಯಕ್ಕೆ ಏಳು ಅಂಗ ಅನ್ನೋರು: ದೊರೆ, ಮಂತ್ರಿ, ನಾಡು, ಕೋಟೆ, ಬೊಕ್ಕಸ, ದಂಡು, ಮಿತ್ರ. ಒಂದು ಊನವಾದರೂ ರಾಜ್ಯ ಕುಂಟುತ್ತದೆ. ಇದು ನಮ್ಮ ಅಡುಗೆಮನೆಯ ಸಂಗತಿಯೇ ಅಲ್ಲವೇ ಅಂತ ನನಗೆ ಅನಿಸುತ್ತಿತ್ತು.

ಮುಂದೆ ಮಾವನವರು ಲಿಂಗೈಕ್ಯರಾದರು. ನಮ್ಮ ಯಜಮಾನರಿಗೆ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕಬ್ಬು ಅರೆಯುವ ಹಂಗಾಮು ಬಂತೆಂದರೆ ಅಲ್ಲೇ ಖೋಲಿ ಹಿಡಿದು ಇರುತ್ತಿದ್ದರು. ಮಕ್ಕಳಾಗಲಿಲ್ಲ. ಮನೆಯಲ್ಲಿ ನಾನೊಬ್ಬಳೇ. ತರಬೇತಿಗೆ ಈ ಭಾಗದ ಮಾತು ಬಲ್ಲ ಹೆಣ್ಣುಮಕ್ಕಳು ಬೇಕು ಅಂತ ಕರೆದಾಗ ಸುಮ್ಮನೆ ಹೋದೆ. ತರಬೇತಿ ಆಫೀಸಿನ ಸಾಹೇಬರು, "ಪಂಚಾಯತಿ ಅಂದ್ರ ಏನಂತ ಒಬ್ಬ ಹಳ್ಳಿ ಹೆಣ್ಣುಮಗಳಿಗಿ ಹೆಂಗ ಹೇಳ್ತೀರಿ?" ಅಂತ ಕೇಳಿದರು. ನನಗೆ ಬೇರೇನೂ ತಿಳಿಯದೆ ಮಾವನವರ ಏಳು ಅಂಗ ಹೇಳಿದೆ. ಅವರಿಗೆ ನಗು ಬಂತು. "ಛಲೋ ಅದ. ಇದನ್ನೇ ಹೇಳ್ರಿ," ಅಂದರು.

ಹಿಂಗೆ ಶುರುವಾಯಿತು. ಕಲಿಸುವ ಹೆಂಗಸಿಗೆ ನಮ್ಮ ಕಡೆ 'ಬಾಯಾರ' ಅನ್ನುತ್ತಾರೆ; ನಾನೂ ಬಾಯಾರ ಆದೆ. ನನ್ನ ಸಾಮಾನು ಒಂದೇ, ಒಂದು ರಂಗೋಲಿ ಡಬ್ಬಿ. ನೆಲದ ಮೇಲೆ ಏಳು ಮನೆ ಬರೆಯುತ್ತಿದ್ದೆ. ಒಂದೊಂದು ಅಂಗಕ್ಕೆ ಒಂದೊಂದು ಮನೆ. ದೊರೆಯ ಮನೆಯಲ್ಲಿ ಅಧ್ಯಕ್ಷೆ. ಮಂತ್ರಿಯ ಮನೆಯಲ್ಲಿ ಉಳಿದ ಸದಸ್ಯರು. ಅವರನ್ನು ಕೇಳದೆ ದೊರೆ ಕೆಲಸಕ್ಕೆ ಕೈಹಾಕಬಾರದು. ನಾಡು ಅಂದರೆ ಊರು, ವಾಡಿ, ತಾಂಡಾ ಎಲ್ಲ. ದಂಡು ಅಂದರೆ ಯಾರು ಅಂತ ಕೇಳಿದರೆ ಪೊಲೀಸರು ಅನ್ನೋರು. ಅಲ್ಲ, ನಿಮ್ಮ ನೀರು ಬಿಡುವವನು, ಗಟಾರ ಬಳಿಯುವವಳು, ಇವರೇ ನಿಮ್ಮ ದಂಡು. ಇವರು ನಾಲ್ಕು ದಿನ ಕುಂತರೆ ನಿಮ್ಮ ರಾಜ್ಯ ಬಿತ್ತು ಅನ್ನುತ್ತಿದ್ದೆ.

ಕೋಟೆಯ ವಿಷಯ ಬಂದಾಗ ಒಮ್ಮೆ ಅಫಜಲಪುರದಲ್ಲಿ ದೊಡ್ಡ ಚರ್ಚೆಯಾಯಿತು. ಈಗಿನ ಕಾಲಕ್ಕೆ ಕೋಟೆ ಯಾವುದು? ಒಬ್ಬರು ಶಾಲೆಯ ಕಂಪೌಂಡು ಅಂದರು, ಒಬ್ಬರು ಪಂಚಾಯತಿ ಆಫೀಸು ಅಂದರು. ಹಿಂದೆ ಕೂತ ವಯಸ್ಸಾದ ಸದಸ್ಯೆ ಎದ್ದು, "ಬಾಯಾರ, ಪಾಯಖಾನಿ ರೀ. ಅದರ ಬಾಗಲಾ ಗಟ್ಟಿ ಇತ್ತಂದ್ರ ನಮಗ ಬ್ಯಾರೆ ಯಾವ ಕ್ವಾಟಿ ಬೇಕು?" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವತ್ತಿನಿಂದ ನಾಲ್ಕನೇ ಮನೆಯಲ್ಲಿ ನಾನು ಬಾಗಿಲು ಬರೆಯತೊಡಗಿದೆ.

ಕೆಲವನ್ನು ಬಿಟ್ಟೂ ಬಿಟ್ಟೆ. ಹಳೆಯ ದೊರೆಗಳು ಸನ್ಯಾಸಿಯ ವೇಷದಲ್ಲಿ, ವ್ಯಾಪಾರಿಯ ವೇಷದಲ್ಲಿ ಗೂಢಚಾರರನ್ನು ಕಳಿಸಿ ಊರಿನ ಸುದ್ದಿ ತಿಳಿಯುತ್ತಿದ್ದರು ಅಂತ ಹೇಳುತ್ತಿದ್ದೆ. ಜನರ ಕಷ್ಟ ತಿಳಿದುಕೊಳ್ಳಲಿ ಅಂತ ನನ್ನ ಭಾವನೆ. ಅತನೂರ ಕಡೆಯ ಒಬ್ಬ ಸದಸ್ಯೆ ಊರಿಗೆ ಹೋದವಳೇ ತನ್ನ ಅತ್ತೆಯ ಕೈಗೆ ರುದ್ರಾಕ್ಷಿ ಕೊಟ್ಟು ಗುಡಿ ಕಟ್ಟೆಯ ಮೇಲೆ ಕೂಡಿಸಿದಳು. ಆ ಮುದುಕಿ ನೀರಿನ ಸುದ್ದಿ, ದೀಪದ ಸುದ್ದಿ ಒಂದೂ ತರಲಿಲ್ಲ; ಯಾರ ಸೊಸೆ ಯಾರ ಮೇಲೆ ಸಿಟ್ಟಾಗಿದ್ದಾಳೆ ಅನ್ನುವುದನ್ನೇ ತಂದಳು. ತಂದು ಮನೆಯಲ್ಲೂ ಇಡಲಿಲ್ಲ, ಊರೆಲ್ಲ ಹಂಚಿದಳು. ಕೂಡಿಬಂದಿದ್ದ ಒಂದು ಮದುವೆ ಮಾತು ಮುರಿಯಿತು. ಆ ಸದಸ್ಯೆ ಫೋನಿನಲ್ಲಿ, "ನಿಮ್ಮ ಪಾಠದಿಂದ ನಮ್ಮ ಓಣಿಯಾಗ ನನಗ ನೀರು ಸೈತ ಹುಟ್ಟವಲ್ದು ಬಾಯಾರ," ಅಂತ ಅತ್ತಳು. ಗೂಢಚಾರರನ್ನು ಅಲ್ಲಿಗೇ ಬಿಟ್ಟೆ. ನೀವೇ ಕಾಲು ಎಳೆದುಕೊಂಡು ಓಣಿ ತಿರುಗಾಡಿ ಬರ್ರಿ ಅಂತಷ್ಟೇ ಹೇಳತೊಡಗಿದೆ.

ಗಂಡಸರ ಕಥೆ ನಿಮಗೆ ಗೊತ್ತೇ ಇದೆ. ಆರಿಸಿ ಬಂದವಳು ಹೆಂಡತಿ, ತರಬೇತಿಗೆ ಬಂದು ಮುಂದಿನ ಕುರ್ಚಿಯಲ್ಲಿ ಕೂರುವವನು ಗಂಡ. ಬೈದು ಕಳಿಸಿದರೆ ಹೆಣ್ಣುಮಗಳನ್ನೂ ಕರೆದುಕೊಂಡು ಹೋಗಿಬಿಡುತ್ತಾರೆ. ನಾನೊಂದು ಉಪಾಯ ಹುಡುಕಿದ್ದೆ. ಮಧ್ಯಾಹ್ನದ ಊಟಕ್ಕೆ ತಂದ ಪುಂಡಿಪಲ್ಯದ ಕಟ್ಟುಗಳನ್ನು ಹೊರಗಿನ ಪಡಸಾಲೆಯಲ್ಲಿ ಹರವಿಸಿ, "ಯಜಮಾನ್ರ, ಅಡಗಿಯಾಕಿ ಒಬ್ಬಾಕಿನೇ ಇದ್ದಾಳ. ನೀವಿಷ್ಟು ಮಂದಿ ಇದ್ದೀರಿ, ಪಲ್ಯಾ ಸೋಸಿ ಪುಣ್ಯಾ ಕಟ್ಕೊಳ್ರಿ," ಅನ್ನುತ್ತಿದ್ದೆ. ಒಲ್ಲೆ ಅನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಎಲೆ ಬಿಡಿಸುತ್ತ ಅಲ್ಲೇ ಹರಟೆ ಹೊಡೆಯೋರು. ಒಳಗೆ ಹೆಣ್ಣುಮಕ್ಕಳು ಬಾಯಿ ಬಿಡೋರು.

ಮಹೆಬೂಬಬಿ ನನಗೆ ಸಿಕ್ಕಿದ್ದು ಹಿಂಗೇ. ಜೇವರ್ಗಿ ತಾಲೂಕು, ಕೊಳಕೂರದ ಆಚೆ ಒಂದು ಸಣ್ಣ ಊರಿನ ಪಂಚಾಯತಿ ಅಧ್ಯಕ್ಷೆ. ಪಕ್ಕದಲ್ಲಿ ಅವಳ ಮೈದುನ ಖಾಜಾ. ನಾನು ಅವಳಿಗೆ ಹೆಸರು ಕೇಳಿದರೆ ಅವನು ಹೇಳಿದ.

"ಭಾಬೀಗಿ ಕನ್ನಡ ಅಷ್ಟ್ ಬರಂಗಿಲ್ರಿ ಬಾಯಾರ. ನಾ ಹೇಳ್ತೇನಿ."

"ಓಟ್ ಕೇಳಾಗ ಬಂದಿತ್ತಲ್ಲೋ ಕನ್ನಡ?" ಅಂದಳು ಮಹೆಬೂಬಬಿ, ತಲೆ ಎತ್ತದೆ. "ಈಗ ಎಲ್ಲಿ ಹೋತು? ಹೋಗು, ಪಲ್ಯಾ ಸೋಸು ಹೋಗು."

ಇಡೀ ಕೋಣೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಅವತ್ತು ದೀಪ ಹಚ್ಚಿ ಬೆರಳು ಮಡಚುವಾಗ ಆ ನಗುವಿಗೂ ಒಂದು ಬೆರಳು ಮಡಚಿದೆ.

ಕೆಲಸದ ರೀತಿ ಬದಲಾದದ್ದನ್ನು ಹೇಳಬೇಕು. ಮೊದಲು ತರಬೇತಿ ಮೂರು ದಿನ ಇರುತ್ತಿತ್ತು. ಎರಡನೇ ದಿನಕ್ಕೆ ಹೆಣ್ಣುಮಕ್ಕಳು ಸೆರಗು ಸಡಿಲ ಮಾಡೋರು, ಮೂರನೇ ದಿನಕ್ಕೆ ತಮ್ಮ ಊರಿನ ಖರೇ ಸಂಗತಿ ಹೇಳೋರು. ಆಮೇಲೆ ಎರಡು ದಿನವಾಯಿತು. ಆಮೇಲೆ ಒಂದೇ ದಿನ. ಗೋಡೆಯ ಮೇಲೆ ಪಾಠ ತೋರಿಸುವ ಪರದೆ ಬಂತು, ಮೆಷಿನ್ನು ಬಂತು. ಒಂದೇ ದಿನದಲ್ಲಿ ಏಳು ಮನೆ ಹಿಡಿಸುವುದು ಆಗಲಿಲ್ಲ. ಆರನೆಯದು ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತು. ಏಳನೇ ಮನೆಗೆ, ಮಿತ್ರನ ಮನೆಗೆ, ನಾನು ಗೆರೆ ಸೈತ ಎಳೆಯುತ್ತಿರಲಿಲ್ಲ. ಸಾಹೇಬರಿಗೆ ಹೇಳಿದರೆ, "ಬಾಯಾರ, ಆ ಕಾಲದಾಗೇ ಅದನ್ನ ಕಟ್ಟಕಡೀಕ ಇಟ್ಟಾರ. ಮೊದಲಿಂದು ಭಾರ, ಕಡೀದು ಹಗರ. ಬಿಟ್ರ ನಡೀತದ," ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಮಾವನವರೂ ಹಂಗೇ ಹೇಳುತ್ತಿದ್ದರು: ದೊರೆಗೆ ಬಂದ ಕೇಡು ಎಲ್ಲಕ್ಕಿಂತ ದೊಡ್ಡದು, ಮಿತ್ರನಿಗೆ ಬಂದ ಕೇಡು ಎಲ್ಲಕ್ಕಿಂತ ಸಣ್ಣದು.

ಯಜಮಾನರು ಹವಳಗಾದಿಂದ ಸಂಜೆ ಫೋನು ಮಾಡೋರು. ಮಾತು ಕಡಿಮೆಯ ಮನುಷ್ಯ. "ಊಟಾತೇನು?" ಅಂತ ಕೇಳಿ, ಆಮೇಲೆ, "ಇವತ್ತ ಎಷ್ಟ ಮನಿ ಬರದಿ?" ಅನ್ನೋರು.

"ಆರು."

"ಏಳನೇದು?"

"ಬಸ್ ಬಂತು."

"ಆತು, ಮಲ್ಕೋ."

ಇಷ್ಟೇ. ಅವರು ಎದೆನೋವಿನಿಂದ ಕಾರ್ಖಾನೆಯ ಊರಿನಲ್ಲೇ ಹೋದರು. ಆಮೇಲೆ ಎಷ್ಟು ಮನೆ ಬರೆದೆ ಅಂತ ಯಾರೂ ಕೇಳಲಿಲ್ಲ. ಸಂಜೆ ಫೋನು ಸುಮ್ಮನೆ ಕೂತಿರುತ್ತಿತ್ತು. ನಾನು ಆಗ ಈ ಕೆಲಸ ಬಿಡದೆ ಇದ್ದದ್ದು ಸೇವೆಯ ಹಂಬಲದಿಂದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆಯ ಬಾಗಿಲು ಹಾಕಿಕೊಂಡು ಹೋಗಲು ಒಂದು ಜಾಗ ಬೇಕಾಗಿತ್ತು.

ಆದರೆ ಈ ಕೆಲಸ ಜನರ ನಡುವಿನ ಕೆಲಸ, ಒಂಟಿತನ ಕಳೆಯುತ್ತದೆ ಅಂತಲೂ ತಿಳಿಯಬೇಡಿ. ಇವತ್ತು ನಿಮ್ಮ ಮುಂದೆ ಕೂತವರು ನಾಳೆ ಇರುವುದಿಲ್ಲ. ಸಂಜೆಯಾದರೆ ಅವರೆಲ್ಲ ಟಂಟಂ ರಿಕ್ಷಾ ಹತ್ತಿ, ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ನಗುತ್ತ ಹೋಗುತ್ತಾರೆ. ನೀವು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ರಂಗೋಲಿ ಡಬ್ಬಿ ಹಿಡಿದು ಕೂತಿರುತ್ತೀರಿ. ಅಲ್ಲಿ ಕೂತಾಗ ನನಗೆ ಹಳೆಯ ದೊರೆಗಳ ನೆನಪಾಗುತ್ತಿತ್ತು. ದೊರೆಯ ಹಗಲನ್ನು ತುಂಡು ತುಂಡು ಮಾಡಿ ಹಂಚಿಟ್ಟಿದ್ದರು: ಇಷ್ಟು ಹೊತ್ತು ಲೆಕ್ಕ, ಇಷ್ಟು ಹೊತ್ತು ಪ್ರಜೆಗಳ ದೂರು, ಇಷ್ಟು ಹೊತ್ತು ದಂಡು. ತಾಟಿನಲ್ಲಿದ್ದ ಅನ್ನ ಸೈತ ಬೇರೆಯವರು ರುಚಿ ನೋಡಿದ ಮೇಲೆ ಉಣ್ಣಬೇಕು. ಹೆಂಡತಿಯ ಕೋಣೆಗೆ ಹೋಗುವಾಗಲೂ ಅನುಮಾನ. ಅಂಥ ಮನೆಯಲ್ಲಿ ಅನ್ನ ಹೆಂಗೆ ಇಳಿಯುತ್ತಿತ್ತೋ! ಯಾರ ಹತ್ತಿರವಾದರೂ ಕೂತು ಮನಸ್ಸು ಹಗುರ ಮಾಡಿಕೊಳ್ಳಲು ಒಂದು ಗಳಿಗೆ ಇಟ್ಟಿದ್ದನ್ನು ಮಾವನವರ ಬಾಯಲ್ಲಿ ನಾನು ಕೇಳಲಿಲ್ಲ. ಶಿವಾ, ನಾನು ತಿನ್ನುವ ರೊಟ್ಟಿಯ ಮೇಲೆ ಅನುಮಾನ ಇಲ್ಲ, ಅಷ್ಟು ಸಾಕು ಅಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಮಹೆಬೂಬಬಿಯ ಫೋನು ಬಂದದ್ದು ಒಂದು ಚಳಿಗಾಲದಲ್ಲಿ.

"ಬಾಯಾರ, ನೀವು ಹೇಳಿದ ಆರೂ ಮನಿ ಮಾಡೇನಿ. ಈಗ ಕುರ್ಚಿ ಅಳ್ಳಾಡಾಕತ್ತದ. ಆ ಏಳನೇದು ಏನಿತ್ತು, ಹೇಳದಂಗ ಹೋದ್ರಲ್ಲ?"

ಅವಳ ಸಂಗತಿ ಇದು. ಊರ ಹೊರಗಿನ ತಾಂಡಾಕ್ಕೆ ಕುಡಿಯುವ ನೀರಿನ ಪೈಪ್ ಎಳೆಸಲು ಹೊರಟಿದ್ದಳು. ಅಲ್ಲಿನ ಹೆಣ್ಣುಮಕ್ಕಳು ಹಳ್ಳಕ್ಕೆ ಹೋಗಿ ತೋಡಿದ ಒರತೆಯಿಂದ ಕೊಡ ತುಂಬುತ್ತಿದ್ದರು. ಅರ್ಧ ದಾರಿ ಅಗೆಯುವಷ್ಟರಲ್ಲಿ ಸದಸ್ಯರು ತಿರುಗಿಬಿದ್ದು ಅವಿಶ್ವಾಸಕ್ಕೆ ಸಹಿ ಮಾಡಿದ್ದರು. ಮುಂದಾಳು ನೀಲಮ್ಮ, ಅವಳೂ ಸದಸ್ಯೆಯೇ. ಮಹೆಬೂಬಬಿಯ ಹೊಲಕ್ಕೆ ಹೊಂದಿದ ಹೊಲದವಳು. ಕುರ್ಚಿ ಹೋದರೆ ಪೈಪೂ ನಿಲ್ಲುತ್ತದೆ ಅನ್ನುವುದೇ ಮಹೆಬೂಬಬಿಯ ಚಿಂತೆ. "ಕುರ್ಚಿ ಹೋಗ್ಲಿ ಬಾಯಾರ. ಆ ತಗ್ಗು ಹಂಗೇ ಬಾಯಿ ತೆರಕೊಂಡು ಬಿದ್ರ ತಾಂಡಾದವ್ರಿಗಿ ನಾ ಹೆಂಗ ಮಾರಿ ತೋರಸಲಿ?"

ಸಾಹೇಬರನ್ನು ಕೇಳಿದೆ. "ಕಲಿಸೂದು ನಮ್ಮ ಕೆಲಸ. ಊರ ರಾಜಕೀಯದಾಗ ಕಾಲಿಡಬ್ಯಾಡ್ರಿ," ಅಂದರು. ಅವರ ಮಾತು ಸರಿಯೇ. ನೀವೂ ಅದನ್ನೇ ಪಾಲಿಸಿ. ನಾನು ಮಾತ್ರ ರಜೆಯ ದಿನ ನೋಡಿ ಹೊರಟೆ. ಆ ರಜೆ ಎಳ್ಳ ಅಮಾವಾಸ್ಯೆಯದು.

ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಎಲ್ಲ ಕಾಳು, ಎಲ್ಲ ಸೊಪ್ಪು ಕೂಡಿಸಿ ಭಜ್ಜಿ ಮಾಡಿ, ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ ಹೊತ್ತು, ಹೊಲದ ಸುತ್ತ ಭೂಮಿತಾಯಿಗೆ ಎಡೆ ಚೆಲ್ಲಿ ಬರುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಚರಗ ಚೆಲ್ಲಿದ ಮೇಲೆ ಪಕ್ಕದ ಬದುವಿನ ಮೇಲೆ ಯಾರಾದರೂ ಉಣ್ಣದೆ ಕೂತಿದ್ದರೆ ತಾವು ತುತ್ತು ಎತ್ತುವಂತಿಲ್ಲ. ಜಾತಿ ಧರ್ಮ ಇಲ್ಲ; ಸಾಬರು, ಲಂಬಾಣಿಗರು, ಎಲ್ಲರನ್ನೂ ಕೂಗಿ ಕರೆಯುತ್ತಾರೆ. ನನಗೆ ಹೊಲವಿಲ್ಲ. ಒಬ್ಬಳಿಗೆ ಭಜ್ಜಿ ಮಾಡಲು ಬರುವುದೂ ಇಲ್ಲ. ಎಲ್ಲ ಕಾಳನ್ನು ಒಂದೊಂದು ಹಿಡಿ ಹಾಕಿದರೂ ಒಂದು ಓಣಿಗೆ ಆಗುತ್ತದೆ. ಯಜಮಾನರು ಹೋದ ಮೇಲೆ ಆ ದಿನ ನಾನು ಅನ್ನ ಸಾರು ಮಾಡಿಕೊಂಡು ಇರುತ್ತಿದ್ದೆ.

ಊರಲ್ಲಿ ಇಳಿದರೆ ಎಲ್ಲ ಮನೆಗೂ ಕೀಲಿ. ನಾಯಿಗಳು ಸೈತ ಬಂಡಿಯ ಹಿಂದೆ ಹೊಲಕ್ಕೆ ಹೋಗಿದ್ದವು. ಬಸ್ ನಿಲ್ಲುವ ಬೇವಿನ ಗಿಡದ ಕೆಳಗೆ ಮಹೆಬೂಬಬಿ ಒಬ್ಬಳೇ ನಿಂತಿದ್ದಳು. "ನಮ್ಮ ಮನಿಯವ್ರನ್ನ, ಖಾಜಾನ್ನ, ಎಲ್ಲಾರನ್ನೂ ಯಾರ್‍ಯಾರೋ ಹೊಲಕ್ಕ ಕರದ್ರು ಬಾಯಾರ. ನನ್ನ ಯಾರೂ ಕರೀಲಿಲ್ಲ. ಪ್ರತೀ ವರ್ಷ ನಾಕ್ ಹೊಲ ತಿರಗಿ ಉಣ್ತಿದ್ದೆ," ಅಂದಳು. ನಗಲು ನೋಡಿದಳು, ಆಗಲಿಲ್ಲ.

ಅವಳ ಹೊಲಕ್ಕೆ ನಡೆದೆವು. ತೊಗರಿ ಒಣಗಿ ಗಲಗಲ ಅನ್ನುತ್ತಿತ್ತು. ಬದುವಿನ ಮೇಲೆ ಕೂತು ನಾನು ಏಳನೇ ಅಂಗ ಶುರು ಮಾಡಿದೆ. "ಹಳೇ ಮಂದಿ ಹಿಂಗ ಹೇಳ್ಯಾರ ಮಹೆಬೂಬಬಿ. ನಿನ್ನ ರಾಜ್ಯಕ್ಕ ಹೊಂದಿದ ರಾಜ್ಯದಾಂವ ನಿನ್ನ ವೈರಿ. ಅವನ ಆಚಿ ಇದ್ದಾಂವ ಅವಗ ವೈರಿ. ಅಂದ್ರ ಅವ ನಿನಗ ಮಿತ್ರ."

ಅವಳು ಕೈ ಅಡ್ಡ ಹಿಡಿದು ನೋಡಿದಳು. "ಹೊಂದಿದ ಹೊಲ ನೀಲಮ್ಮಂದು. ಖರೇ, ವೈರಿ. ಆಕಿ ಆಚಿ ಹೊಲ ಆಕಿ ಅಣ್ಣಂದು. ಸಹಿ ಹಾಕಸಾಕ ಮನಿ ಮನಿ ತಿರಗಿದಾಂವ ಅವನೇ. ನಿಮ್ಮ ಹಳೇ ಮಂದಿ ನಮ್ಮೂರಿಗಿ ಬಂದಿಲ್ಲ ಬಿಡ್ರಿ."

ಏಳನೆಯದನ್ನು ಇಷ್ಟು ವರ್ಷ ಹೇಳದೆ ಬಿಟ್ಟ ನನಗೆ ಅದು ಹೇಳಲು ಬರದಂಗೆ ಆಗಿತ್ತು. ಚೀಲದಲ್ಲಿದ್ದ ಎರಡು ರೊಟ್ಟಿ ತೆಗೆದೆ. ಅಷ್ಟರಲ್ಲಿ ಪಕ್ಕದ ಹೊಲದಿಂದ ಕೂಗು ಬಂತು.

"ಏ ಮಹೆಬೂಬಬೀ! ಚರಗಾ ಚೆಲ್ಲೇವಿ. ನೀ ಅಲ್ಲಿ ಕುಂತ್ರ ಇಲ್ಲಿ ಕೂಸುಗೋಳು ಉಪಾಸ ಕುಂತಾವ. ಬಾ ಬೇ ಜಲ್ದಿ! ಆ ಬಾಯಾರ್ನೂ ಕರಕೊಂಡ ಬಾ!"

ನೀಲಮ್ಮ. ಕರೆಯುವ ಮನಸ್ಸಿತ್ತೋ ಇಲ್ಲವೋ, ಕರೆಯದೆ ಅವಳ ಮನೆಯವರು ಉಣ್ಣುವಂತಿರಲಿಲ್ಲ. ಮಹೆಬೂಬಬಿ ಸೆರಗು ಝಾಡಿಸಿ ಎದ್ದಳು.

ಬನ್ನಿಗಿಡದ ಕೆಳಗೆ ಹಾಸಿದ ಕಂಬಳಿಯ ಮೇಲೆ ಜಾಗ ಕೊಟ್ಟರು. ಗಂಡಸರು ಆಕಡೆ ತಿರುಗಿ ಕೂತರು. ನೀಲಮ್ಮ ತಾಟು ಇಟ್ಟು ಹೇಳಿಬಿಟ್ಟಳು: "ಮೊದಲ ಕೇಳ್ಕೋ. ಊಟ ಬ್ಯಾರೆ, ಸಹಿ ಬ್ಯಾರೆ. ಸಹಿ ನಾ ಹಿಂದ ತಗೊಳಂಗಿಲ್ಲ."

"ಯಾರು ಕೇಳ್ಯಾರ? ಭಜ್ಜಿ ನೀಡು."

"ನೀಡ್ತೇನಿ. ಉಪ್ಪು ಕಮ್ಮಿ ಆಗೇದ ಅಂತ ಊರಾಗ ಹೇಳ್ಕೋತ ಅಡ್ಡಾಡಬ್ಯಾಡ."

"ಕಮ್ಮಿ ಆಗಿದ್ರ ಹೇಳೇ ಹೇಳ್ತೇನಿ." ಎರಡು ತುತ್ತು ಉಂಡು ಮಹೆಬೂಬಬಿ ಕೇಳಿದಳು, "ತಾಂಡಾದ ಹೆಣ್ಮಕ್ಕಳು ನಾಕ್ ಕೊಡ ನೀರು ಕುಡದ್ರ ನಿನಗ್ಯಾಕ ಅಷ್ಟ್ ಹೊಟ್ಟಿಕಿಚ್ಚು ನೀಲಮ್ಮ?"

ನೀಲಮ್ಮ ಸೌಟು ಹಿಡಿದವಳು ಹಂಗೇ ನಿಂತಳು. "ನೀರಿಗಿ ಯಾರ ಬ್ಯಾಡಂದಾರ? ನನ್ನ ಅಂಗಳದ ಮುಂದ ಜೆಸಿಬಿ ಬಂದು ನೆಲಾ ಅಗ್ಯಾಕತ್ತಾಗ ನನಗ ಗೊತ್ತಾತು, ಪೈಪ್ ಹೊಂಟದ ಅಂತ. ಆ ಓಣಿಯಿಂದ ಆರಿಸಿ ಬಂದಾಕಿ ನಾ. ನನಗ ಒಂದ್ ಮಾತ್ ಹೇಳ್ದೇನು ನೀ?"

"ಹೇಳೇನಲ್ಲ. ನಿನ್ನ ಗಂಡಗ ಹೇಳಿದ್ದೆ. ಕಟ್ಟಿ ಮ್ಯಾಲ ಕುಂತಿದ್ದ."

"ಓಹೋ. ನನ್ನ ಗಂಡ ಆರಿಸಿ ಬಂದಾನೇನು?"

ಆಕಡೆ ತಿರುಗಿ ಕೂತ ಗಂಡಸರು ಈಕಡೆ ತಿರುಗಿದರು. ಮಹೆಬೂಬಬಿ ನನ್ನ ಮುಖ ನೋಡಿದಳು. ಅವತ್ತು ಖಾಜಾನನ್ನು ಪಲ್ಯ ಸೋಸಲು ಕಳಿಸಿ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು. ಅವಳೇ ಊರಿಗೆ ಬಂದು, ಇನ್ನೊಬ್ಬ ಸದಸ್ಯೆಗೆ ಹೇಳುವ ಮಾತನ್ನು ಕಟ್ಟೆಯ ಮೇಲಿದ್ದ ಅವಳ ಗಂಡನಿಗೆ ಹೇಳಿ ಮನೆಗೆ ಹೋಗಿದ್ದಳು. ನಮ್ಮ ಕಡೆ ಹಂಗೇ ರೂಢಿ; ಅದು ತಪ್ಪು ಅಂತ ಹೊಳೆಯುವುದೂ ಇಲ್ಲ.

ಮಹೆಬೂಬಬಿ ನೀಲಮ್ಮನ ಕಡೆ ತಿರುಗಿ ಅಂದಳು, "ಅದು ತಪ್ಪಾತು ನೀಲಮ್ಮ."

"ತಪ್ಪಾತು ಅಂದ್ರ ಸಹಿ ಅಳಸ್ತದೇನು?"

"ಅಳಸಬ್ಯಾಡ. ಕುರ್ಚಿ ತಗೋ. ತಗ್ಗು ಮಾತ್ರ ಹಂಗೇ ಬಿಡಬ್ಯಾಡ."

ನೀಲಮ್ಮ ಬಗ್ಗಿ, ಕೇಳದೆಯೇ, ಇನ್ನೊಂದು ಸೌಟು ಭಜ್ಜಿ ನೀಡಿದಳು. ಉಪ್ಪು ಖರೇನೇ ಕಮ್ಮಿಯಿತ್ತು. ಯಾರೂ ಅನ್ನಲಿಲ್ಲ. ಅಷ್ಟು ಜನರ ನಡುವೆ ಕೂತು ನಾನು ಎಷ್ಟೋ ವರ್ಷದ ಮೇಲೆ ಭಜ್ಜಿ ಉಂಡೆ.

ಅವಿಶ್ವಾಸದ ಸಭೆಯಲ್ಲಿ ಕೈಗಳು ಎದ್ದವು. ನೀಲಮ್ಮನದೂ ಎದ್ದಿತು. ಮಹೆಬೂಬಬಿ ಕುರ್ಚಿಯಿಂದ ಇಳಿದು ಮನೆಗೆ ಹೋದಳು. "ಹೋತು ಬಾಯಾರ," ಅಂತಷ್ಟೇ ಫೋನಿನಲ್ಲಿ ಅಂದಳು. ಆ ಸಂಜೆ ದೀಪ ಹಚ್ಚಿ ಕೂತರೆ ನನಗೆ ಒಂದು ಬೆರಳೂ ಮಡಚಲು ಆಗಲಿಲ್ಲ. ಏಳನೆಯದನ್ನು ಕೇಳಿಕೊಂಡು ಒಬ್ಬಳು ಕರೆದಳು; ಹೋದೆ; ಉಂಡು ಬಂದೆ. ನನ್ನಿಂದ ಆದದ್ದು ಇಷ್ಟೇ ಅನಿಸಿತು.

ಬೇಸಿಗೆ ಶುರುವಾದಾಗ ಮತ್ತೆ ಅವಳ ಫೋನು. ಹೊಸ ಅಧ್ಯಕ್ಷೆ ನೀಲಮ್ಮನೇ ಆಗಿದ್ದಳು. ನಿಂತ ಕೆಲಸ ಮತ್ತೆ ಹಿಡಿಯುವ ಮುಂಚೆ ಒಂದು ಮುಂಜಾನೆ ಮಹೆಬೂಬಬಿಯ ಮನೆಯ ಬಾಗಿಲಿಗೆ ಬಂದಳಂತೆ. ಖಾಜಾ, "ಭಾಬಿ ರೊಟ್ಟಿ ಮಾಡಾಕತ್ತಾಳ, ಏನದ ನನಗ ಹೇಳ್ರಿ," ಅಂದನಂತೆ. ನೀಲಮ್ಮ, "ನೀ ಆರಿಸಿ ಬಂದೀಯೇನು? ಸರಿ ತಮ್ಮಾ," ಅಂದು ಸೀದಾ ಒಲೆಯ ಮುಂದೆ ಹೋಗಿ ಕೂತಳಂತೆ. ಪೈಪ್ ಯಾವ ಕಡೆಯಿಂದ ತಿರುಗಿಸಬೇಕು ಅಂತ ಇಬ್ಬರೂ ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆದು ನೋಡಿದರಂತೆ. "ತಾಂಡಾಕ್ಕ ನೀರು ಬಂತು ಬಾಯಾರ. ನನ್ನೂ ಕರಕೊಂಡು ಹೋಗಿ ನಳಾ ಬಿಡಿಸಿದಳು," ಅಂದಳು. ಅವತ್ತು ದೀಪದ ಮುಂದೆ ಒಂದು ಕೈ ಸಾಲಲಿಲ್ಲ.

ನಮ್ಮ ಕೆಲಸದಲ್ಲಿ ನಿವೃತ್ತಿಗೆ ಹಾರ ತುರಾಯಿ ಇರುವುದಿಲ್ಲ. ವಯಸ್ಸಾಯಿತು, ಮುಂದಿನ ತಿಂಗಳಿಂದ ಹೊಸಬರು ಬರುತ್ತಾರೆ ಅಂತ ಫೋನಿಗೆ ಸಂದೇಶ ಬಂತು. ನನ್ನ ಕೊನೆಯ ತರಬೇತಿ ಜೇವರ್ಗಿಯಲ್ಲಿ. ಹೊಸದಾಗಿ ಚುನಾವಣೆ ಮುಗಿದಿತ್ತು. ಚಾಪೆಯ ಮೇಲೆ ಕೂತವರನ್ನು ನೋಡಿದರೆ ಎರಡನೇ ಸಾಲಿನಲ್ಲಿ ಮಹೆಬೂಬಬಿ, ಅವಳ ಪಕ್ಕದಲ್ಲಿ ನೀಲಮ್ಮ. ಇಬ್ಬರೂ ಮತ್ತೆ ಆರಿಸಿ ಬಂದಿದ್ದರು. ಈ ಸಲ ಇಬ್ಬರಿಗೂ ಕುರ್ಚಿ ಇಲ್ಲ, ಬರೇ ಸದಸ್ಯರು. ಒಂದೇ ಎಲೆಯಡಿಕೆ ಚೀಲ ನಡುವೆ ಇಟ್ಟುಕೊಂಡು ಕೂತಿದ್ದರು. ಇಷ್ಟು ವರ್ಷದಲ್ಲಿ ಕಲಿಯಲು ಬಂದವರು ಎರಡನೇ ಸಲ ನನ್ನ ಮುಂದೆ ಕೂತದ್ದು ನನಗೆ ನೆನಪಿಲ್ಲ.

ಇದು ಕೊನೆಯದು ಅಂತ ನಾನು ಯಾರಿಗೂ ಹೇಳಲಿಲ್ಲ. ಗಂಡಸರನ್ನು ಪುಂಡಿಪಲ್ಯಕ್ಕೆ ಕೂಡಿಸಿದೆ. ಒಂದೊಂದೇ ಮನೆ ಬರೆಯುತ್ತ ಬಂದೆ. ಆರನೆಯದು ಮುಗಿಯಿತು. ಹೊರಗೆ ಕೊನೆಯ ಬಸ್ಸಿನ ಹಾರ್ನು ಕೇಳಿಸಿತು. ಆ ದಾರಿಯ ಕಂಡಕ್ಟರು ನನ್ನನ್ನು ಬಲ್ಲವನು. ತಡವಾದರೆ ತರಬೇತಿಯ ಕಟ್ಟಡದ ಮುಂದೆ ನಿಲ್ಲಿಸಿ ಒಮ್ಮೆ ಹಾರ್ನು ಹೊಡೆಸುತ್ತಿದ್ದ. ಡಬ್ಬಿಯ ಮುಚ್ಚಳ ಹಾಕಲು ಹೋದೆ.

ಮಹೆಬೂಬಬಿ ಎದ್ದು ಬಂದು ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡಳು. "ಇಷ್ಟ ವರ್ಷ ಆರೇ ಹೇಳಿ ಬಸ್ ಹತ್ತೀರಿ. ಇವತ್ತ ನೀವು ಕುಂಡ್ರಿ. ಏಳನೇದು ನಾ ಹೇಳ್ತೇನಿ," ಅಂದಳು. ಕೆಳಗೆ ಕೂತು, ಅಂಕುಡೊಂಕು ಗೆರೆಯಲ್ಲಿ, ಒಂದು ಮನೆ ಬರೆದಳು. ಬರೆದು ಆ ಹೊಸ ಹೆಣ್ಣುಮಕ್ಕಳ ಕಡೆ ತಿರುಗಿದಳು. "ನೋಡ್ರೇ, ಇದು ಮಿತ್ರನ ಮನಿ. ಅಗೋ, ಅಲ್ಲಿ ಎಲಿ ಜಗಿಯಾಕತ್ತಾಳಲ್ಲ, ಆಕಿ ನನ್ನ ಕುರ್ಚಿ ಕಸ್ಕೊಂಡಾಕಿ. ಆಕಿ ಕಥಿ ಹೇಳ್ತೇನಿ ಕೇಳ್ರಿ."

"ಭಜ್ಜಿ ಉಂಡಿದ್ದೂ ಹೇಳು," ಅಂದಳು ನೀಲಮ್ಮ ಕೂತಲ್ಲಿಂದಲೇ.

"ಹೇಳ್ತೇನಿ. ಉಪ್ಪು ಕಮ್ಮಿ ಇತ್ತು ಅಂತನೂ ಹೇಳ್ತೇನಿ."

ಎಲ್ಲರೂ ನಕ್ಕರು. ಇವತ್ತು ಎಷ್ಟು ಮನೆ ಬರೆದಿ ಅಂತ ಕೇಳುವವರು ಇದ್ದಿದ್ದರೆ ಆ ಸಂಜೆ ಬೇರೆ ಉತ್ತರ ಕೊಡಬಹುದಿತ್ತು. ಹೊರಗೆ ಎರಡನೇ ಸಲ ಹಾರ್ನು ಕೇಳಿಸಿತು. ನೀಲಮ್ಮ ಎಲೆಯಡಿಕೆ ಚೀಲ ಎತ್ತಿ ಮಡಿಲಿಗೆ ಹಾಕಿಕೊಂಡು, ಸೆರಗು ಸರಿಸಿ, ಪಕ್ಕದ ಚಾಪೆಯನ್ನು ಕೈಯಿಂದ ಬಡಿದು ತೋರಿಸಿದಳು. ನಾನು ಹೋಗಿ ಅಲ್ಲಿ ಕೂತೆ. ಬಸ್ಸು ಇನ್ನೂ ಸ್ವಲ್ಪ ಹೊತ್ತು ಕಾಯ್ದು, ಹೋಯಿತು.